ವಕೀಲರಕ್ಕನನ್ನು ಕೇಳಿ: ಕೀಲಿ ಕೊಡುವವನ ಹೊಣೆ

ಪ್ರಶ್ನೆ: ಅಕ್ಕಾರ, ನಾನು ಗದಗ ಕಡೆಯವನು. ಕಲಂಗುಟ್‌ನ ಒಂದು ಲಾಡ್ಜಿನಲ್ಲಿ ರಾತ್ರಿ ಪಾಳಿಯ ಮ್ಯಾನೇಜರ್. ಮೊನ್ನೆ ರಾತ್ರಿ ಹತ್ತರ ಸುಮಾರಿಗೆ ಮೇಲಿನ ರೂಮಿನ ಗಿರಾಕಿಯೊಬ್ಬ ಬೀಚಿನಲ್ಲಿ ಸರ ಮಾರುವ ಹುಡುಗನನ್ನು ಕರಕೊಂಡು ಬಂದ. ಹಸಿದಿದ್ದಾನೆ, ರೂಮಿನಲ್ಲಿ ಊಟ ಕೊಟ್ಟು ಬಟ್ಟೆ ಕೊಟ್ಟು ಕಳಿಸುತ್ತೇನೆ ಅಂದ. ಹುಡುಗನಿಗೆ ಹನ್ನೊಂದೋ ಹನ್ನೆರಡೋ, ನಮ್ಮ ಕಡೆಯ ಕನ್ನಡವನ್ನೇ ಆಡುತ್ತಿದ್ದ. ಊಟ ಕೆಳಗೇ ಕೊಡಿಸಿ ಅಂದೆ, ಮೇಲೆ ಬಿಡಲಿಲ್ಲ. ಗಿರಾಕಿ ಬೆಳಿಗ್ಗೆಯೇ ರೂಮು ಖಾಲಿ ಮಾಡಿದ. ಅವನು ಹೋದದ್ದರಿಂದ ತಪ್ಪಿದ ಬಾಡಿಗೆಯನ್ನು ನನ್ನ ಪಗಾರದಲ್ಲಿ ಹಿಡಿಯುತ್ತೇನೆ ಎನ್ನುತ್ತಾರೆ ಮಾಲೀಕರು. ನಾನು ಮಾಡಿದ್ದಕ್ಕೆ ಕಾಯ್ದೆಯ ಬಲ ಇದೆಯೇ?
— ಹೆಸರು ಬೇಡ, ಕಲಂಗುಟ್

ಉತ್ತರ: ಇದೆ ತಮ್ಮಾ, ಅದೂ ಗೋವಾದ್ದೇ ಕಾಯ್ದೆ. ಗೋವಾ ಮಕ್ಕಳ ಕಾಯ್ದೆ, 2003. ಕುಟುಂಬದವರು, ನೆಂಟರು ಅಥವಾ ರಕ್ತಸಂಬಂಧಿಯ ಜೊತೆ ಉಳಿದಿದೆ ಎಂದು ರಿಜಿಸ್ಟರಿನಲ್ಲಿ ದಾಖಲಾಗದ ಹೊರತು ಯಾವ ಮಗುವನ್ನೂ ಹೋಟೆಲ್, ಲಾಡ್ಜಿನ ರೂಮಿನೊಳಗೆ ಬಿಡುವಂತಿಲ್ಲ. ಮಗು ಅಂದರೆ ಇಲ್ಲಿ ಹದಿನೆಂಟು ತುಂಬದವರು. ಹೊಣೆ ಮಾಲೀಕನ ಮೇಲೂ ಇದೆ, ಮ್ಯಾನೇಜರನ ಮೇಲೂ ಇದೆ. ಅಂದರೆ ಆ ರಾತ್ರಿ ನೀನು ಉಳಿಸಿದ್ದು ಹುಡುಗನನ್ನಷ್ಟೇ ಅಲ್ಲ, ಈಗ ಬೈಯುತ್ತಿರುವ ಮಾಲೀಕರನ್ನೂ. ಪಗಾರದಲ್ಲಿ ಹಿಡಿಯಲು ಬಂದರೆ ಕಾರಣ ಬರೆದುಕೊಡಿ ಎಂದು ಕೇಳು. ಏನು ಬರೆಯುತ್ತಾರೋ ನನಗೂ ನೋಡುವ ಕುತೂಹಲ.

ಈ ಕಾಯ್ದೆ ಸುಮ್ಮನೆ ಹುಟ್ಟಿದ್ದಲ್ಲ. ಮಡಗಾಂವಿನಲ್ಲಿ ಅನಾಥ ಹುಡುಗರ ಆಶ್ರಮ ನಡೆಸುತ್ತಿದ್ದ ಫ್ರೆಡ್ಡಿ ಪೀಟ್ಸ್ ಎಂಬಾತ ಆ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿ 1991ರಲ್ಲಿ ಸಿಕ್ಕಿಬಿದ್ದ. ಮನೆಯಲ್ಲಿ ಮಕ್ಕಳ ಫೋಟೊಗಳ, ನೆಗೆಟಿವ್‌ಗಳ ರಾಶಿಯೇ ಸಿಕ್ಕಿತು. 1996ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆಗಿನ್ನೂ ಇಂಥದ್ದಕ್ಕೆಂದೇ ಬರೆದ ಕಾನೂನು ಇರಲಿಲ್ಲ, ಹಳೆಯ ದಂಡಸಂಹಿತೆಯ ಕಲಮುಗಳನ್ನೇ ಜೋಡಿಸಿಕೊಳ್ಳಬೇಕಾಯಿತು. ಆಮೇಲೆ ಬಂದ ರಾಜ್ಯದ ಕಾಯ್ದೆ ಮಕ್ಕಳಿಗೆಂದೇ ನ್ಯಾಯಾಲಯ ಕೊಟ್ಟಿತು. ನನಗೆ ಅದಕ್ಕಿಂತ ಜಾಣತನ ಅನ್ನಿಸುವುದು ಇನ್ನೊಂದು: ತಪ್ಪು ಮಾಡಿದವನಿಗೆ ಶಿಕ್ಷೆ ಹೇಳಿ ಅದು ಕೈತೊಳೆದುಕೊಳ್ಳಲಿಲ್ಲ, ಮೊದಲು ಯಾರ ಕಣ್ಣಿಗೆ ಬೀಳುತ್ತದೋ ಅವರನ್ನು ಹಿಡಿದು ನಿಲ್ಲಿಸಿತು. ಲಾಡ್ಜಿನವನು, ಫೋಟೊ ರೋಲ್ ತೊಳೆಯುವ ಸ್ಟುಡಿಯೊದವನು. ಮಕ್ಕಳ ಅಶ್ಲೀಲ ಚಿತ್ರ ಕಂಡರೆ ಸ್ಟುಡಿಯೊದವನು ಠಾಣೆಗೆ ತಿಳಿಸಲೇಬೇಕು. ಈಗ ರೋಲೂ ಇಲ್ಲ, ತೊಳೆಯುವವರೂ ಇಲ್ಲ. ಕೀಲಿ ಕೊಡುವವನು ಮಾತ್ರ ಇನ್ನೂ ಕೌಂಟರಿನಲ್ಲಿ ಕೂತಿದ್ದಾನೆ.

ಒಂದು ಮಾತು ನಿನಗೆ ಹಿಡಿಸಲಿಕ್ಕಿಲ್ಲ. ತಡೆದೆ ಸರಿ, ಫೋನು ಯಾಕೆ ಮಾಡಲಿಲ್ಲ? ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ, ಅಪರಾಧ ನಡೆದದ್ದು ಗೊತ್ತಾದರೆ ಮಾತ್ರವಲ್ಲ, ನಡೆಯಬಹುದು ಎಂಬ ಆತಂಕ ಇದ್ದರೂ ಪೊಲೀಸರಿಗೆ ತಿಳಿಸಬೇಕು. ಗೊತ್ತಿದ್ದೂ ತಿಳಿಸದವರಿಗೆ ಆರು ತಿಂಗಳವರೆಗೆ ಸಜೆ ಆಗಬಹುದು. ಒಳ್ಳೆಯ ಉದ್ದೇಶದಿಂದ ಕೊಟ್ಟ ಮಾಹಿತಿ ಕೊನೆಗೆ ಸುಳ್ಳೇ ಆದರೂ ನಿನ್ನ ಮೇಲೆ ಕೇಸು ಹಾಕುವಂತಿಲ್ಲ, ಅದೂ ಅದೇ ಕಲಮಿನಲ್ಲಿದೆ. ನಿನ್ನ ಬಾಗಿಲಲ್ಲಿ ನಿಂತವನು ಪಕ್ಕದ ಓಣಿಯ ಲಾಡ್ಜಿಗೆ ಹೋಗಿರಬಹುದು. ಇವತ್ತೇ ಪೊಲೀಸರ 112ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಹೇಳು. ಅವನ ಗುರುತಿನ ಚೀಟಿಯ ನಕಲು, ರಿಜಿಸ್ಟರಿನ ಹಾಳೆ ತೆಗೆದಿಡು. ಸಿಸಿಟಿವಿಯದನ್ನು ಮೊದಲು ಬೇರೆ ಕಡೆ ಉಳಿಸು, ಅದು ತನ್ನಷ್ಟಕ್ಕೆ ಅಳಿಸಿಹೋಗುತ್ತದೆ.

ಗಿರಾಕಿ ವಿದೇಶಿಯೋ ನಮ್ಮ ದೇಶದವನೋ ನೀನು ಬರೆದಿಲ್ಲ. ಬರೆಯದೇ ಇದ್ದದ್ದು ನನಗೆ ಇಷ್ಟವಾಯಿತು. ಬಿಳಿಯನಾದರೆ ಮಾತ್ರ ಅನುಮಾನ ಪಡಬೇಕೆಂಬ ನಂಬಿಕೆ ನಮ್ಮವರಲ್ಲಿ ಬಹಳ. ಹಾಗೆಯೇ ಆ ಹುಡುಗನ ಮನೆಯವರನ್ನು ಹುಡುಕಿ ವಿಷಯ ಮುಟ್ಟಿಸು. ಠಾಣೆಯವರ ಕೊಂಕಣಿಗಿಂತ ನಿನ್ನ ಗದಗಿನ ಮಾತು ಅವರಿಗೆ ಬೇಗ ನಾಟುತ್ತದೆ.

ಪ್ರಶ್ನೆ: ನನ್ನ ಹನ್ನೆರಡು ವರ್ಷದ ಮಗಳಿಗೆ ಪಕ್ಕದ ಖೋಲಿಯವನು ಕೆಟ್ಟದ್ದು ಮಾಡಿದ. ಕೇಸು ದಾಖಲಾಗಿದೆ. ಓಣಿಯ ಹಿರಿಯರು ಐವತ್ತು ಸಾವಿರ ಕೊಡಿಸುತ್ತೇವೆ, ಮುಗಿಸಿಬಿಡಿ ಅನ್ನುತ್ತಾರೆ. ಯಜಮಾನರು ಬಾಗಲಕೋಟೆಗೆ ವಾಪಸ್ ಹೋಗೋಣ ಅನ್ನುತ್ತಾರೆ. ಮಗಳಿಗೆ ಕೊಂಕಣಿ ಬರುವುದಿಲ್ಲ, ಕೋರ್ಟಿನಲ್ಲಿ ಅವನೆದುರು ನಿಲ್ಲಬೇಕೇ?
— ಒಬ್ಬ ತಾಯಿ, ವಾಸ್ಕೊ

ಉತ್ತರ: ತಂಗೀ, ಆ ದುಡ್ಡು ಮುಟ್ಟಬೇಡ. ಪೋಕ್ಸೊದಲ್ಲಿ ರಾಜಿಗೆ ಜಾಗವಿಲ್ಲ. ರಾಜಿಯಾಯಿತೆಂದು ಇಂಥ ಕೇಸು ರದ್ದು ಮಾಡುವಂತಿಲ್ಲ ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಪರಿಹಾರ ಬೇಕಾದರೆ ವಿಶೇಷ ನ್ಯಾಯಾಲಯ ಕೊಡಿಸುತ್ತದೆ, ಹಿರಿಯರ ಉಪಕಾರ ಬೇಕಾಗಿಲ್ಲ.

ಅವನ ಮುಖ ಮಗಳಿಗೆ ಕಾಣಿಸುವಂತಿಲ್ಲ. ಪರದೆಯ ಹಿಂದಿನಿಂದಲೋ ವಿಡಿಯೊ ಮೂಲಕವೋ ಹೇಳಿಸುತ್ತಾರೆ. ಬಾಗಿಲು ಮುಚ್ಚಿಕೊಂಡೇ ವಿಚಾರಣೆ. ಎದುರಿನ ವಕೀಲ ತನ್ನ ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಅವಳನ್ನು ಕೇಳುತ್ತಾರೆ. ಪೊಲೀಸರು ಹೇಳಿಕೆ ಪಡೆಯುವಾಗ ಸಮವಸ್ತ್ರದಲ್ಲಿ ಇರಬಾರದು, ನೀನು ಪಕ್ಕದಲ್ಲಿ ಇರಬಹುದು. ಕನ್ನಡ ಬಲ್ಲ ಭಾಷಾಂತರಕಾರರನ್ನು ಬರೆದು ಕೇಳು, ಅದು ಅವಳ ಹಕ್ಕು. ಠಾಣೆಯಲ್ಲೂ ಉಂಟು, ಕೋರ್ಟಿನಲ್ಲೂ ಉಂಟು. ಮಗುವಿನ ಸಾಕ್ಷ್ಯ ಮೂವತ್ತು ದಿನದಲ್ಲಿ, ವಿಚಾರಣೆ ಆದಷ್ಟೂ ವರ್ಷದೊಳಗೆ ಎಂದು ಕಾಯ್ದೆ ಹೇಳುತ್ತದೆ. ನಡೆಯುವುದು ಅದಕ್ಕಿಂತ ನಿಧಾನ, ಮನಸ್ಸು ಗಟ್ಟಿ ಮಾಡಿಕೋ.

ಬಾಗಲಕೋಟೆಗೆ ಹೋಗಬೇಕೆನಿಸಿದರೆ ಹೋಗಿ. ಮಗಳು ಅಜ್ಜಿಮನೆಯಲ್ಲಿ ಇದ್ದು ಶಾಲೆಗೆ ಹೋದರೆ ಒಳ್ಳೆಯದೇ. ಊರಿನ ವಿಳಾಸ, ಫೋನ್ ನಂಬರು ಮಾತ್ರ ಠಾಣೆಗೂ ಸರ್ಕಾರಿ ವಕೀಲರಿಗೂ ಬರೆದುಕೊಟ್ಟು, ಸಹಿ ಹಾಕಿಸಿಕೊಂಡ ನಕಲು ನಿನ್ನ ಹತ್ತಿರ ಇಟ್ಟುಕೋ. ಸಮನ್ಸ್ ಖಾಲಿ ಖೋಲಿಗೆ ಬಂದು ವಾಪಸ್ ಹೋದರೆ ಕೇಸು ಅಲ್ಲೇ ಸೊರಗುತ್ತದೆ.