ಆಸ್ಪತ್ರೆಗಳ ಮೇಲೇ ಬಾಂಬ್ ಬೀಳುವಾಗ ಜಿನೀವಾ ಒಪ್ಪಂದಕ್ಕೆ ಬೆಲೆ ಇದೆಯೇ? ಶಿವಮೊಗ್ಗದಲ್ಲಿ ಕೂತ ನಾವು ಮಾಡುವುದೇನು?

ಬೆಲೆ ಇದೆ. ಯುದ್ಧದಲ್ಲಿ ಗಾಯಾಳುಗಳು, ಸೆರೆಯಾಳುಗಳು, ನಾಗರಿಕರ ರಕ್ಷಣೆಗೆಂದು ದೇಶಗಳು ಮಾಡಿಕೊಂಡ 1949ರ ನಾಲ್ಕು ಜಿನೀವಾ ಒಪ್ಪಂದಗಳು ‘ಆಸ್ಪತ್ರೆ ಮುಟ್ಟಬೇಡಿ’ ಎಂದಷ್ಟೇ ಹೇಳಿ ಸುಮ್ಮನಾಗಿಲ್ಲ. ದಾಳಿ ಮಾಡಿದವರನ್ನು ನಿಲ್ಲಿಸಿ ಒಂದೊಂದಾಗಿ ಕೇಳಬಹುದಾದ ಪ್ರಶ್ನೆಗಳನ್ನು ಅವು ನಮ್ಮ ಕೈಗೆ ಕೊಟ್ಟಿವೆ.

ಗಾಜಾದ ಆಸ್ಪತ್ರೆಗಳ ಮೇಲಿನ ದಾಳಿಗೆ ಇಸ್ರೇಲ್ ಪದೇ ಪದೇ ಕೊಟ್ಟ ‘ಒಳಗೆ ಹೋರಾಟಗಾರರಿದ್ದರು’ ಎಂಬ ಸಮರ್ಥನೆಯನ್ನೇ ನೋಡಿ. ನಾಲ್ಕನೇ ಒಪ್ಪಂದದ 19ನೇ ವಿಧಿಯಂತೆ, ಚಿಕಿತ್ಸೆ ಬಿಟ್ಟು ಎದುರಾಳಿಗೆ ಹಾನಿ ಮಾಡುವ ಕೆಲಸಕ್ಕೆ ಆಸ್ಪತ್ರೆಯನ್ನು ಬಳಸಿದರೆ ಮಾತ್ರ ಅದರ ರಕ್ಷಣೆ ಹೋಗುತ್ತದೆ. ಗಾಯಾಳು ಸೈನಿಕ ಅಲ್ಲಿ ಮಲಗಿದ್ದರೆ ಅದು ಅಂಥ ಕೆಲಸವಲ್ಲ. ಅವನಿಂದ ತೆಗೆದಿಟ್ಟ ಬಂದೂಕು, ಗುಂಡು ಸಿಕ್ಕರೂ ಅಲ್ಲ. ನಿಜವಾಗಿ ದುರ್ಬಳಕೆ ಆಗಿದ್ದರೂ ಮೊದಲು ಎಚ್ಚರಿಕೆ ಕೊಡಬೇಕು, ಸೂಕ್ತವಿರುವಲ್ಲೆಲ್ಲ ಸಮಂಜಸವಾದ ಗಡುವು ಕೊಡಬೇಕು. ವೆಂಟಿಲೇಟರ್ ಮೇಲಿರುವವರನ್ನು ಸಾಗಿಸಲಾಗದಷ್ಟು ಕಡಿಮೆ ಹೊತ್ತು ಕೊಟ್ಟರೆ ಅದನ್ನು ಗಡುವು ಎನ್ನಲು ನಾನು ಒಪ್ಪುವುದಿಲ್ಲ. ಎಚ್ಚರಿಕೆಗೆ ಕಿವಿಗೊಡದಿದ್ದರೂ ಲೆಕ್ಕ ಮುಗಿಯದು: ಸಿಗುವ ಸೈನಿಕ ಲಾಭಕ್ಕೆ ಹೋಲಿಸಿದರೆ ರೋಗಿಗಳಿಗಾಗುವ ಹಾನಿ ಮಿತಿಮೀರುವಂತಿದ್ದರೆ ದಾಳಿ ಕೈಬಿಡಬೇಕು.

ಕಾನೂನು ಸೋಲುವುದು ಇಲ್ಲೇ. ಆ ತಕ್ಕಡಿ ಇರುವುದು ದಾಳಿಗೆ ಆದೇಶ ಕೊಡುವ ಕಮಾಂಡರ್ ಕೈಯಲ್ಲಿ, ಅವನು ನಂಬಿದ ಗುಪ್ತಚರ ಮಾಹಿತಿ ಹೊರಬರುವುದು ಅಪರೂಪ. ‘ಅವರು ಮುರಿದರು, ನಾವೂ ಮುರಿದೆವು’ ಎಂಬ ವಾದಕ್ಕಂತೂ ಜಾಗವಿಲ್ಲ. ಎಲ್ಲ ಸಂದರ್ಭದಲ್ಲೂ ಪಾಲಿಸುತ್ತೇವೆ ಎಂದೇ ಮೊದಲ ವಿಧಿಯಲ್ಲಿ ದೇಶಗಳು ಮಾತು ಕೊಟ್ಟಿವೆ.

ನಮಗೂ ಇದು ದೂರದ ವಿಷಯವಲ್ಲ. 2019ರಲ್ಲಿ ಸೆರೆಸಿಕ್ಕ ವಿಂಗ್ ಕಮಾಂಡರ್ ಅಭಿನಂದನ್ ಅವರ ವಿಡಿಯೋ ಹರಿಬಿಟ್ಟಾಗ ಭಾರತ ಆಕ್ಷೇಪಿಸಿದ್ದು ಇದೇ ಒಪ್ಪಂದಗಳನ್ನು ಹಿಡಿದು.

ಶಿವಮೊಗ್ಗದಲ್ಲಿ ಮಾಡುವ ಕೆಲಸವೂ ಇದೆ. ಇಲ್ಲಿಂದ ತೀರ್ಥಹಳ್ಳಿ, ಸಾಗರದವರೆಗೆ ಕ್ಲಿನಿಕ್ ಬೋರ್ಡು, ಆಂಬುಲೆನ್ಸ್, ಔಷಧಿ ಅಂಗಡಿ, ವೈದ್ಯರ ಕಾರಿನ ಗಾಜು ಗಮನಿಸಿ. ಬಿಳಿ ಹಿನ್ನೆಲೆಯ ಕೆಂಪು ಶಿಲುಬೆ ವೈದ್ಯಕೀಯದ ಗುರುತು ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದು ಯುದ್ಧದಲ್ಲಿ ‘ಗುಂಡು ಹಾರಿಸಬೇಡಿ’ ಎಂದು ಹೇಳುವ ಗುರುತು. ಸೇನೆಯ ವೈದ್ಯಕೀಯ ದಳ, ರೆಡ್ ಕ್ರಾಸ್ ಸಂಸ್ಥೆಗಳಂಥ ಕೆಲವರಿಗೆ ಮಾತ್ರ ಮೀಸಲು. ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಬಳಸುವುದು 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ 12ನೇ ಕಲಮಿನಡಿ ನಿಷಿದ್ಧ, ದಂಡ 500 ರೂಪಾಯಿವರೆಗೆ. ದಂಡ ಸಣ್ಣದೇ, ಆದರೆ ಕಂಡಕಂಡಲ್ಲಿ ಬಳಸಿದ ಗುರುತನ್ನು ರಣರಂಗದಲ್ಲಿ ಯಾರು ನಂಬುತ್ತಾರೆ? ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಹಸಿರು ಹಿನ್ನೆಲೆಯ ಬಿಳಿ ಶಿಲುಬೆ, ಔಷಧಿ ಅಂಗಡಿಗೆ ಹಸಿರು ಶಿಲುಬೆ, ಆಂಬುಲೆನ್ಸ್‌ಗೆ ಆರು ತೋಳಿನ ನೀಲಿ ನಕ್ಷತ್ರ ಹಾಕಿಸಬಹುದು. ಪರಿಚಯದ ಡಾಕ್ಟರಿದ್ದರೆ ಮುಂದಿನ ಸಲ ಬೋರ್ಡಿಗೆ ಬಣ್ಣ ಹೊಡೆಸುವಾಗ ಬದಲಿಸಲು ಹೇಳಿ.