ಸರ್ಕಾರ ಬದಲಾಗಲಿ ಅಂತ ಕಾಯಬೇಡಿ, ತಕರಾರು ಅರ್ಜಿ ಇವತ್ತೇ ಕೊಡಿ

ನಿಮ್ಮೂರ ಕಾನಿನ ಪಕ್ಕ ಕಲ್ಲುಕ್ವಾರಿಗೆ ಅರ್ಜಿ ಬಿದ್ದಿದೆ, ಚುನಾವಣೆಯಲ್ಲಿ ಬೇರೆ ಸರ್ಕಾರ ಬಂದರೆ ಕಾಡು ಉಳಿಯುತ್ತಾ ಅಂತ ಕೇಳಿದ್ದೀರಿ. 2013ರಲ್ಲಿ ನಮ್ಮೂರಲ್ಲೂ ಇದೇ ಮಾತು ನಡೆದಿತ್ತು.

ನಮ್ಮದು ಹೊಸನಗರದ ಕಡೆ, ಹನ್ನೊಂದು ಮನೆಯ ಊರು. ಮೇಲ್ಗಡೆ ಕಾನು. ರಾಂಪತ್ರೆ, ಉಪ್ಪಾಗೆ, ಹಲಸು. ಅಲ್ಲಿಂದ ಅಬ್ಬಿ ನೀರು, ಅಂದರೆ ಗುಡ್ಡದ ಝರಿ ನೀರು, ಪೈಪಿನಲ್ಲಿ ಇಳಿದು ನೇರ ಹಿತ್ತಲಿಗೆ ಬರುತ್ತಿತ್ತು. ಕರೆಂಟು ಬೇಡ, ಪಂಪು ಬೇಡ. ಬೇಸಿಗೆಯಲ್ಲೂ ನಿಂತದ್ದು ನಾನು ನೋಡಿರಲಿಲ್ಲ. ಆ ವರ್ಷ ಮಾರ್ಚಿನಲ್ಲಿ ಕಾನಿನ ನೆತ್ತಿಯ ಮೇಲೆ ಕ್ವಾರಿ ಮಾಡುತ್ತೇವೆ ಅಂತ ಅರ್ಜಿ ಬಂತು. ಪಂಚಾಯ್ತಿ ಬೋರ್ಡಿನಲ್ಲಿ ನೋಟಿಸ್ ಅಂಟಿಸಿದರು. ತಕರಾರು ಇದ್ದವರು 30 ದಿನದೊಳಗೆ ಬರೆದುಕೊಡಬೇಕು.

ನಾನೇ ಅರ್ಜಿ ಬರೆದೆ. ಸುತ್ತಲಿನ ಊರು ತಿರುಗಿ 112 ಸಹಿ ಹಾಕಿಸಿದೆ. ಮೇ 5ಕ್ಕೆ ಮತದಾನ ಇತ್ತು. "ಹೋಗೋ ಸರ್ಕಾರಕ್ಕೆ ಕೊಟ್ಟು ಏನು ಮಾಡ್ತೀರಿ ಮಾರಾಯ್ರೆ, ಬರೋರ ಕೈಗೇ ಕೊಡಿ" ಅಂದರು ಹಿರಿಯರೊಬ್ಬರು. ಪ್ರಚಾರಕ್ಕೆ ಬಂದ ಪಕ್ಷದವರ ಕೈಗೆ ಮೂಲ ಪ್ರತಿಯನ್ನೇ ಕೊಟ್ಟುಬಿಟ್ಟೆ. ಅವರು ಓದಿ, ಮಡಚಿ ಜೇಬಿಗೆ ಇಟ್ಟುಕೊಂಡರು. ನಮಗೆ ಅಷ್ಟೇ ಸಾಕಾಯಿತು.

ಆ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನೀವೂ ಅದನ್ನೇ ಮಾಡುವ ಹಾಗೆ ಕಾಣುತ್ತಿದೆ. ನೋಟಿಸ್ ಕೊಟ್ಟ ಕಚೇರಿಯ ಟಪಾಲು ವಿಭಾಗಕ್ಕೆ ಹೋಗಿ, ಸೀಲು ಬಿದ್ದು, ನಂಬರು ಮತ್ತು ತಾರೀಕು ಬಂದರೆ ಮಾತ್ರ ಅದು ತಕರಾರು. ಬೇರೆ ಯಾರ ಕೈಗೆ ಕೊಟ್ಟರೂ ಅದು ಬರೀ ಕಾಗದ. 30 ದಿನ ಮುಗಿಯಿತು, ಕಡತದಲ್ಲಿ "ತಕರಾರು ಬಂದಿಲ್ಲ" ಅಂತ ಒಂದು ಸಾಲು ಬರೆದರು. ಆಮೇಲೆ ಕಡತ ಯಾವ ಮೇಜಿಗೆ ಹೋದರೂ ಎಲ್ಲರೂ ಓದಿದ್ದು ಆ ಸಾಲನ್ನೇ. ಸರ್ಕಾರ ಬದಲಾಯಿತು, ನಾವು ಖುಷಿಯಿಂದ ಕಚೇರಿಗೆ ಹೋದೆವು. "ನೀವು ಆಗ ಯಾಕೆ ಹೇಳಲಿಲ್ಲ?" ಅಂದರು. 112 ಜನ ಹೇಳಿದ್ದೆವು. ತೋರಿಸಲು ಒಂದು ಸ್ವೀಕೃತಿ ಚೀಟಿ ಇರಲಿಲ್ಲ. ಒಂದು ದಿನ ಬಸ್ಸು ಹತ್ತಿ ಹೋಗಿದ್ದರೆ ಮುಗಿಯುವ ಕೆಲಸ ಅದು.

ಕ್ವಾರಿ 2015ರಲ್ಲಿ ಶುರುವಾಯಿತು. ಮೂರನೇ ಬೇಸಿಗೆಗೆ ಅಬ್ಬಿ ನೀರು ನಿಂತಿತು. ಈಗ ಬೋರ್‌ವೆಲ್ ನೀರು ಕುಡಿಯುತ್ತೇವೆ.

ಹಾಗಾಗಿ ಯಾವ ಪಕ್ಷ ಬಂದರೆ ಒಳ್ಳೆಯದು ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಗಣಿ, ಕ್ವಾರಿಗೆ ತಡೆ ಹಾಕುವ ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ನೋಡಿ, ಕೇಂದ್ರ ಸರ್ಕಾರದ್ದು. ಮೊದಲನೆಯದು 2014ರ ಮಾರ್ಚಿನಲ್ಲಿ, ಆರನೆಯದು 2024ರ ಜುಲೈಯಲ್ಲಿ ಬಂತು. ಈ ನಡುವೆ ಬೆಂಗಳೂರಿನಲ್ಲಿ ಕಾಂಗ್ರೆಸ್, ಮೈತ್ರಿ ಸರ್ಕಾರ, ಬಿಜೆಪಿ, ಮತ್ತೆ ಕಾಂಗ್ರೆಸ್ ಬಂದವು. ಕರ್ನಾಟಕದ ವಿರೋಧ ಮಾತ್ರ ಹಾಗೇ ಇದೆ. ಶರಾವತಿ ನೀರನ್ನು ಮೇಲಕ್ಕೆತ್ತಿ ಮತ್ತೆ ಇಳಿಸಿ ಕರೆಂಟು ಮಾಡುವ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆ ಸಿಂಗಳೀಕದ ಅಭಯಾರಣ್ಯದೊಳಗೇ ಬರುತ್ತದೆ. ಸರ್ಕಾರ ಬದಲಾದರೂ ಅದನ್ನು ಯಾರೂ ಕೈಬಿಡಲಿಲ್ಲ.

ಕುದುರೆಮುಖದ ಗಣಿ ಯಾಕೆ ನಿಂತಿತು? ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಅವರು ಸುಪ್ರೀಂ ಕೋರ್ಟಿಗೆ ಹೋಗಿದ್ದರಿಂದ. 2002ರಲ್ಲಿ ಆದೇಶ ಬಂತು, 2004ರಲ್ಲಿ ದೆಹಲಿಯಲ್ಲೂ ಬೆಂಗಳೂರಿನಲ್ಲೂ ಸರ್ಕಾರ ಬದಲಾಯಿತು, 2005ರ ಕೊನೆಗೆ ಗಣಿ ನಿಂತಿತು.

ಸರ್ಕಾರದಿಂದ ಏನೂ ಆಗಲ್ಲ ಅಂತಲ್ಲ. 2022ರಲ್ಲಿ ರಾಜ್ಯದ ಡೀಮ್ಡ್ ಅರಣ್ಯವನ್ನು (ಅರಣ್ಯ ಅಂತ ಘೋಷಣೆ ಆಗದಿದ್ದರೂ ಅರಣ್ಯ ಅಂತಲೇ ಪರಿಗಣಿಸುವ ಜಾಗವನ್ನು) 9.94 ಲಕ್ಷ ಹೆಕ್ಟೇರಿನಿಂದ ಸುಮಾರು 3.3 ಲಕ್ಷಕ್ಕೆ ಇಳಿಸಿದ್ದು ಸರ್ಕಾರವೇ. ಅದಕ್ಕೇ ಮೊದಲು ಪಹಣಿ ತೆಗೆಸಿ, ನಿಮ್ಮ ಕಾನಿನ ಸರ್ವೆ ನಂಬರು ಈಗ ಆ ಪಟ್ಟಿಯಲ್ಲಿ ಇದೆಯಾ ನೋಡಿ. ಕ್ವಾರಿಗೆ ಪರಿಸರ ಅನುಮತಿ ಸಿಕ್ಕಿಬಿಟ್ಟರೆ ಹಸಿರು ನ್ಯಾಯಮಂಡಳಿಗೆ ಹೋಗಲು 30 ದಿನ ಇರುತ್ತದೆ. ಸರಿಯಾದ ಕಾರಣ ಕೊಟ್ಟರೆ ಇನ್ನೂ 60 ದಿನ, ಅದರಾಚೆ ಇಲ್ಲ. ಚುನಾವಣೆಗೆ ಕಾಯುತ್ತಾ ಕೂತರೆ ಈ ದಿನಗಳೇ ಕಳೆದುಹೋಗುತ್ತವೆ.

ನಿಮ್ಮ ನೋಟಿಸಿನ ತಾರೀಕು ಬರೆದಿಲ್ಲ. ಎಷ್ಟು ದಿನ ಉಳಿದಿದೆ ಹೇಳಿ, ಅರ್ಜಿ ಬರೆಯಲು ನಾನೂ ಕೂರುತ್ತೇನೆ.