ಸಿದ್ದಾಪುರದ ಬೀರುವಿನಲ್ಲಿ ಪ್ಯಾರಿಸ್ಸಿನ ಸ್ಪೂಲು

ಪ್ರಶ್ನೆ: ನಮ್ಮ ದೊಡ್ಡಪ್ಪ ಕಾಫಿ ತೋಟದಲ್ಲಿ ರೈಟರಾಗಿದ್ದರು. ಅವರ ಬೀರುವಿನಲ್ಲಿ ಒಂದು ಸ್ಪೂಲ್ ಟೇಪ್ ಸಿಕ್ಕಿದೆ. ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ ‘ಪ್ಯಾರಿಸ್ ಜಾಝ್ 1949, ಪಾರ್ಕರ್, ಮೈಲ್ಸ್’ ಎಂದು ಬರೆದಿದೆ. ಎಲ್ಲೂ ಬಿಡುಗಡೆಯಾಗದ ಟೇಪಿದ್ದರೆ ಲಕ್ಷಗಟ್ಟಲೆ ಬೆಲೆ ಎನ್ನುತ್ತಾನೆ ಬೆಂಗಳೂರಿನ ಗೆಳೆಯ. ಹಳೆಯ ಪ್ಲೇಯರೂ ಇದೆ. ಹಾಕಿ ಕೇಳಬಹುದೇ?
– ಓದುಗರು, ಸಿದ್ದಾಪುರ

ಉತ್ತರ: ಈಗ ಬೇಡ. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ನಮ್ಮ ಚಪ್ಪಲಿಗೇ ಬೂಷ್ಟು ಬರುತ್ತದೆ, ಟೇಪು ಬಿಟ್ಟೀತೇ? ಮಡಿಕೇರಿಯಲ್ಲಿ ಮೂವತ್ತು ವರ್ಷ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡಿದ ನಾನೇ ಒಮ್ಮೆ ಎಡವಿದ್ದೇನೆ. ತಾಯಿ ಮನೆಯ ಹುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಹಾಡಿನ ಸ್ಪೂಲಿಗೆ ಬಿಳಿ ಬೂಷ್ಟು ಹಿಡಿದಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಲೆ ಮೇಲಿನ ಅಟ್ಟದಲ್ಲಿ ಒಣಗಲು ಇಟ್ಟೆ. ಮಾರನೆಯ ದಿನ ನೋಡಿದರೆ ಸುರುಳಿ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ನನ್ನಜ್ಜಿಯ ದನಿ ಹೋದದ್ದು ಹಾಗೆ. ನೀವು ಡಬ್ಬಿಯ ಜೊತೆ ಎರಡು ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಬಿಗಿ ಮುಚ್ಚಳದ ಡಬ್ಬದಲ್ಲಿ ಮುಚ್ಚಿಡಿ. ಹುತ್ತರಿ ಕಳೆದು ಬಿಸಿಲು ಗಟ್ಟಿಯಾದಾಗ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಂಗಳದಲ್ಲಿ ಒಣ ಬ್ರಷ್ಷಿನಿಂದ ಮೆಲ್ಲಗೆ ಗುಡಿಸಿ. ಆಮೇಲೂ ಹಳೆಯ ಪ್ಲೇಯರಿಗೆ ಹಾಕಬೇಡಿ. ಅದರ ರಬ್ಬರು ಗಟ್ಟಿಯಾಗಿರುತ್ತದೆ, ಟೇಪನ್ನು ಅಗಿದುಬಿಡುತ್ತದೆ.

ಇನ್ನು ಬೆಲೆಯ ಮಾತು. ಆ ವರ್ಷ ಪ್ಯಾರಿಸ್ಸಿನಲ್ಲಿ ಜಾಝ್ ಉತ್ಸವ ನಡೆದದ್ದು ನಿಜ. 1949ರ ಮೇ 8ರಿಂದ 15ರವರೆಗೆ, ಸಾಲ್ ಪ್ಲೇಯೆಲ್ ಸಭಾಂಗಣದಲ್ಲಿ. ಬೀಬಾಪ್ ಎಂಬ ಹೊಸ ಜಾಝನ್ನು ಕಟ್ಟಿದವರಲ್ಲಿ ಮೊದಲ ಸಾಲಿನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಯುರೋಪಿಗೆ ಕಾಲಿಟ್ಟದ್ದೂ ಆಗಲೇ. ಆದರೆ ‘ಪಾರ್ಕರ್, ಮೈಲ್ಸ್’ ಎಂದು ಬರೆದಿದೆಯೆಂದು ಇಬ್ಬರೂ ಒಂದೇ ತಂಡ ಎಂದುಕೊಳ್ಳಬೇಡಿ. ಟ್ರಂಪೆಟ್ಟಿನ ಮೈಲ್ಸ್ ಡೇವಿಸ್ ಹಿಂದಿನ ವರ್ಷದ ಕೊನೆಗೇ ಪಾರ್ಕರನ ತಂಡ ಬಿಟ್ಟಿದ್ದ. ಪ್ಯಾರಿಸ್ಸಿನಲ್ಲಿ ಪಾರ್ಕರನ ಪಕ್ಕ ಟ್ರಂಪೆಟ್ ಊದಿದವನು ಕೆನ್ನಿ ಡಾರ್ಹಮ್, ಡ್ರಮ್ಮಿಗೆ ಮ್ಯಾಕ್ಸ್ ರೋಚ್. ಇಪ್ಪತ್ತೆರಡರ ಹುಡುಗ ಮೈಲ್ಸ್ ಇದ್ದದ್ದು ಪಿಯಾನೋದ ಟ್ಯಾಡ್ ಡ್ಯಾಮರನ್, ಸ್ಯಾಕ್ಸಿನ ಜೇಮ್ಸ್ ಮೂಡಿ, ಡ್ರಮ್ಮಿನ ಕೆನ್ನಿ ಕ್ಲಾರ್ಕ್ ಜೊತೆ. ಈ ಎರಡನೆಯ ತಂಡದ ರೇಡಿಯೋ ಧ್ವನಿಮುದ್ರಣ ಇಪ್ಪತ್ತೆಂಟು ವರ್ಷ ಕಾದು 1977ರಲ್ಲಿ ಕೊಲಂಬಿಯಾ ಎಲ್‌ಪಿಯಾಗಿ ಬಂತು. ಪಾರ್ಕರನ ಭಾಗವೂ ಹೊರಗೆ ಬಂದಿದೆ.

ಹಾಗಾದರೆ ನಿಮ್ಮದೇನು? ಸುರುಳಿಯನ್ನು ಬೆಳಕಿಗೆ ಹಿಡಿಯಿರಿ. ಅಂಚಿನಿಂದ ಬೆಳಕು ತೂರಿ ಬಂದರೆ ಹಳೆಯ ಅಸಿಟೇಟ್ ಟೇಪು. ವಿನಿಗರ್ ವಾಸನೆ ಹೊಡೆದರೆ ಅದು ಕೊಳೆಯತೊಡಗಿದೆ ಎಂದು ಅರ್ಥ, ತಿಳಿದವರ ಕೈಯಲ್ಲಿ ಪ್ರತಿ ಮಾಡಿಸಲು ತಡ ಮಾಡಬೇಡಿ. ಬೆಳಕು ತೂರದಿದ್ದರೆ ಬಹುಮಟ್ಟಿಗೆ ಪಾಲಿಯೆಸ್ಟರ್. ಅದು ಬಂದದ್ದೇ 1950ರ ದಶಕದಲ್ಲಿ, ಆದ್ದರಿಂದ ಮೂಲ ಪ್ರತಿ ಆಗಿರಲಾರದು.

ನನ್ನ ಊಹೆ ಬೇರೆ. 1955ರಿಂದ ಅಮೆರಿಕದ ಸರ್ಕಾರಿ ರೇಡಿಯೋ ವಾಯ್ಸ್ ಆಫ್ ಅಮೆರಿಕಾದಲ್ಲಿ ವಿಲಿಸ್ ಕಾನೋವರ್ ಎಂಬಾತ ಜಾಝ್ ಕಾರ್ಯಕ್ರಮ ಕೊಡುತ್ತಿದ್ದ. ಗಂಭೀರ ದನಿ, ನಿಧಾನದ ಇಂಗ್ಲಿಷು, ಹೊರನಾಡಿನವರಿಗೆ ತಿಳಿಯಲೆಂದೇ. ರಾತ್ರಿ ಗ್ಯಾಸ್‌ಲೈಟಿನ ಬುಡದಲ್ಲಿ ಶಾರ್ಟ್‌ವೇವ್ ಮುಳ್ಳು ತಿರುಗಿಸುತ್ತ ಕೂತವರು ನಮ್ಮ ತೋಟದ ಲೈನುಮನೆಗಳ ಆಚೆ ಕೆಲವರಾದರೂ ಇದ್ದರು. ಅವರ ಸೆಟ್ಟು ನನ್ನ ಮೇಜಿಗೆ ಬರುತ್ತಿತ್ತು. ದೊಡ್ಡಪ್ಪನೂ ಹಾಗೆ ಹಿಡಿದಿರಬಹುದು. ಪ್ರತಿ ಮಾಡಿಸಿ ಕೇಳಿದಾಗ ದನಿ ಅಲೆಯ ಹಾಗೆ ಏರಿ ಇಳಿಯುತ್ತಿದ್ದರೆ ಅದು ಶಾರ್ಟ್‌ವೇವಿನಿಂದ ಹಿಡಿದದ್ದು. ಫ್ರೆಂಚಿನಲ್ಲಿ ನಿರೂಪಣೆ ಕೇಳಿದರೆ ಮಾತ್ರ ನನಗೊಂದು ಕಾರ್ಡು ಹಾಕಿ.

ನಿಮ್ಮ ಗೆಳೆಯನನ್ನು ಪೂರಾ ತಳ್ಳಿಹಾಕುವಂತಿಲ್ಲ. ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ 1957ರ ನವೆಂಬರ್ 29ರಂದು ಪಿಯಾನೋದ ಥೆಲೋನಿಯಸ್ ಮಾಂಕ್ ಜೊತೆ ಸ್ಯಾಕ್ಸಿನ ಜಾನ್ ಕೋಲ್ಟ್ರೇನ್ ನುಡಿಸಿದ್ದನ್ನು ಇದೇ ವಾಯ್ಸ್ ಆಫ್ ಅಮೆರಿಕಾ ಮುದ್ರಿಸಿಕೊಂಡಿತ್ತು. ಆ ಟೇಪು ವಾಷಿಂಗ್ಟನ್ನಿನ ದೊಡ್ಡ ಗ್ರಂಥಾಲಯ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಯಾರ ಕಣ್ಣಿಗೂ ಬೀಳದೆ ಬಿದ್ದಿತ್ತು. ಸಿಕ್ಕಿದ್ದು 2005ರಲ್ಲಿ, ಅದೇ ವರ್ಷ ಬಿಡುಗಡೆಯೂ ಆಯಿತು. ಆದರೆ ಅದು ಮೂಲ ಟೇಪು ನೋಡಿ.

ಪ್ರಶ್ನೆ: ಬೀಬಾಪ್ ಕೇಳಿದರೆ ಜಗಳ ಕೇಳಿದ ಹಾಗಾಗುತ್ತದೆ. ಎಲ್ಲಿಂದ ಶುರು ಮಾಡಲಿ?
– ಓದುಗರು, ಗೋಣಿಕೊಪ್ಪ

ಉತ್ತರ: ಕೆನಡಾದ ಟೊರಾಂಟೋದ ಮ್ಯಾಸಿ ಹಾಲಿನಲ್ಲಿ 1953ರ ಮೇ 15ರಂದು ನಡೆದ ಕಛೇರಿಯ ಧ್ವನಿಮುದ್ರಣದಿಂದ. ಸ್ಯಾಕ್ಸಿಗೆ ಪಾರ್ಕರ್, ಟ್ರಂಪೆಟ್ಟಿಗೆ ಡಿಝಿ ಗಿಲೆಸ್ಪಿ, ಪಿಯಾನೋಗೆ ಬಡ್ ಪವೆಲ್, ಬಾಸಿಗೆ ಚಾರ್ಲ್ಸ್ ಮಿಂಗಸ್, ಡ್ರಮ್ಮಿಗೆ ಮ್ಯಾಕ್ಸ್ ರೋಚ್. ಅದೇ ರಾತ್ರಿ ಹೆವಿವೇಯ್ಟ್ ಬಾಕ್ಸಿಂಗ್ ಪಂದ್ಯವಿದ್ದುದರಿಂದ ಕುರ್ಚಿಗಳು ಖಾಲಿ ಹೊಡೆದವು. ಪಾರ್ಕರನ ಕೈಯಲ್ಲಿದ್ದದ್ದು ಪ್ಲಾಸ್ಟಿಕ್ ಸ್ಯಾಕ್ಸು. ಮೊದಲ ಸಲ ಡ್ರಮ್ಮನ್ನು ಮಾತ್ರ ಕೇಳಿ. ಜಗಳ ಅಲ್ಲ, ಕಕ್ಕಬೆ ಬಸ್ಸಿನಲ್ಲಿ ಐದು ಜನ ಗೆಳೆಯರು ಒಟ್ಟಿಗೆ ಮಾತಾಡಿದ ಹಾಗೆ ಅನ್ನಿಸೀತು.

ಪ್ರಶ್ನೆ: ಈ ಹುತ್ತರಿಗೆ ಊರವರು ಸೇರುವ ನಮ್ಮ ಮಂದ್‌ನಲ್ಲಿ ದುಡಿಕೊಟ್ಟ್ ಪಾಟ್ (ದುಡಿ ಎಂಬ ಸಣ್ಣ ಚರ್ಮವಾದ್ಯ ಬಡಿಯುತ್ತ ಹಾಡುವ ಹಾಡು) ಅನ್ನು ಫೋನಿನಲ್ಲಿ ರೆಕಾರ್ಡ್ ಮಾಡಬೇಕೆಂದಿದ್ದೇನೆ. ಪಾಟ್ ಉದ್ದ. ಚೆನ್ನಾಗಿ ಹಾಡುವ ಹಿರಿಯರ ಭಾಗ ಮಾತ್ರ ಸಾಕಲ್ಲವೇ?
– ಓದುಗರು, ವಿರಾಜಪೇಟೆ

ಉತ್ತರ: ಸಾಲದು. ಡೀನ್ ಬೆನೆಡೆಟ್ಟಿ ಎಂಬ ಸ್ಯಾಕ್ಸ್ ವಾದಕನಿದ್ದ, ಪಾರ್ಕರನ ಹುಚ್ಚು ಭಕ್ತ. 1947–48ರಲ್ಲಿ ಕ್ಲಬ್ಬಿಂದ ಕ್ಲಬ್ಬಿಗೆ ಯಂತ್ರ ಹೊತ್ತುಕೊಂಡು ಹಿಂದೆ ಅಲೆದ. ಪಾರ್ಕರ್ ಊದಿದಾಗ ಯಂತ್ರ ಚಾಲೂ, ಬೇರೆಯವರ ಸರದಿ ಬಂದ ಕೂಡಲೇ ಬಂದ್. ಡಿಸ್ಕಿಗೂ ಟೇಪಿಗೂ ಕಾಸು ಬೇಕಲ್ಲ! ಆತ ತೀರಿಕೊಂಡದ್ದು 1957ರಲ್ಲಿ. ಆ ಮುದ್ರಣಗಳು ಏಳು ಸಿಡಿಗಳಾಗಿ ಬಂದದ್ದು 1990ರಲ್ಲಿ. ಕೇಳುತ್ತ ಕೂತರೆ ಹೊಟ್ಟೆ ಉರಿಯುತ್ತದೆ. ಪಾರ್ಕರ್ ಯಾರ ಯಾವ ಮಾತಿಗೆ ಉತ್ತರ ಕೊಡುತ್ತಿದ್ದಾನೆ ಎಂಬುದೇ ಗೊತ್ತಾಗುವುದಿಲ್ಲ. ಆತನನ್ನು ಬೈಯಲಾರೆ, ಆತ ಇಲ್ಲದಿದ್ದರೆ ಅದೂ ಇರುತ್ತಿರಲಿಲ್ಲ.

ನಿಮಗೆ ಟೇಪಿನ ಖರ್ಚಿಲ್ಲ. ಒಬ್ಬರು ಉಸಿರೆಳೆದುಕೊಳ್ಳುವಾಗ ಇನ್ನೊಬ್ಬರು ಸಾಲು ಎತ್ತಿಕೊಳ್ಳುವ ಜಾಗ, ತಪ್ಪಿದ ದುಡಿಯ ಪೆಟ್ಟು, ಹಿಂದೆ ಅಳುವ ಮಗು ಎಲ್ಲವೂ ಬರಲಿ. ಫೋನನ್ನು ದುಡಿಗೆ ತೀರ ಹತ್ತಿರ ಹಿಡಿಯಬೇಡಿ, ದನಿ ಒಡೆಯುತ್ತದೆ; ನಾಲ್ಕು ಹೆಜ್ಜೆ ದೂರದಲ್ಲಿ ಕುರ್ಚಿಯ ಮೇಲಿಡಿ. ಏರೋಪ್ಲೇನ್ ಮೋಡ್ ಹಾಕುವುದನ್ನು ಮರೆಯಬೇಡಿ. ಕಳೆದ ವರ್ಷ ನನ್ನ ಫೋನಿಗೆ ಪಾಟಿನ ನಡುವೆಯೇ ಗ್ಯಾಸ್ ಸಿಲಿಂಡರಿನವನ ಕರೆ ಬಂದು ರೆಕಾರ್ಡಿಂಗ್ ಅಲ್ಲಿಗೇ ನಿಂತಿತು.